ಮೋಡ ನೋಡುವ ನೆಪ

ಗಾಳಿಗಿರಣಿ ಓಣಿ, ಗದಗ
ಆಷಾಢ ಮಾಸದ ನಲವತ್ತೊಂದನೆಯ ದಿನ
ಬರಿಗಳಿಗೆ ಶುರುವಾದ ನೂರ ಮೂರನೆಯ ವರ್ಷ

ನಮಗಿಂತ ನೂರೈವತ್ತು ವರ್ಷ ಹಿಂದಿರುವ ತಾಯಂದಿರಿಗೆ, ತಂದೆಯರಿಗೆ,

ನಲವತ್ತೊಂದನೆಯ ದಿನ ಎಂಬುದನ್ನು ಓದಿ ನೀವು ಹುಬ್ಬೇರಿಸಿರುತ್ತೀರಿ. ನಾನು ತಪ್ಪಾಗಿ ಬರೆದಿಲ್ಲ. ನಮ್ಮಲ್ಲಿ ಹದವಾದ ಮಳೆಯೊಂದು ಬೀಳುವವರೆಗೆ ಆಷಾಢ ಮುಗಿಯುವುದಿಲ್ಲ, ಶ್ರಾವಣ ಶುರುವಾಗುವುದಿಲ್ಲ. ಹೋದ ವರ್ಷದ ಆಷಾಢ ಎರಡು ತಿಂಗಳಿಗೂ ಮೇಲೆ ಎಳೆದು, ಮದುವೆ ಗೊತ್ತಾದ ಹುಡುಗ ಹುಡುಗಿಯರೆಲ್ಲ ಮುಗಿಲು ನೋಡಿ ನೋಡಿ ಸೊರಗಿಹೋದರು. ನನ್ನ ಮಾತಿನ ಧಾಟಿಯೂ ನಿಮಗೆ ವಿಚಿತ್ರವೆನಿಸಬಹುದು, ಅದಕ್ಕೆ ಕ್ಷಮೆಯಿರಲಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಮ್ಮ ಓಣಿಯ ಸಂಗ್ರಹದಲ್ಲಿರುವ ಲಗ್ನಪತ್ರಿಕೆಗಳಿಂದ ಮತ್ತು ಲಾರಿಗಳ ಹಿಂದೆ ಬರೆದಿರುತ್ತಿದ್ದ ಸಾಲುಗಳಿಂದ. ಆದ್ದರಿಂದ ನಡುವೆ ಎಲ್ಲಿಯಾದರೂ ‘ಸಕುಟುಂಬ ಸಪರಿವಾರ’ ಎಂದೋ ‘ಅಂತರವಿರಲಿ’ ಎಂದೋ ಬರೆದುಬಿಟ್ಟರೆ ನಗಬೇಡಿ.

ನಾನು ರುದ್ರಾಂಬಿಕೆ ಕೊಪ್ಪದ. ಓಣಿಯವರಿಗೆ ರುದ್ರವ್ವ. ವಯಸ್ಸು ನಲವತ್ತು ದಾಟಿದೆ. ಹೋದ ಹುಣ್ಣಿಮೆಯವರೆಗೆ ಈ ಓಣಿಯ ಗಳಿಗೆವ್ವ ಆಗಿದ್ದೆ. ಆ ಮಾತಿನ ಅರ್ಥ ಮುಂದೆ ಹೇಳುತ್ತೇನೆ. ಈಗ ಆ ಕೆಲಸ ಕೈತಪ್ಪಿದೆ, ತಪ್ಪಬೇಕಾದದ್ದೇ. ನಮ್ಮಲ್ಲಿ ಹತ್ತು ಜನರ ಮುಂದೆ ತಲೆ ತಗ್ಗಿಸುವಂಥ ಕೆಲಸ ಮಾಡಿದವರಿಗೆ ದಂಡ ಹಾಕುವುದಿಲ್ಲ. ಅವರು ಒಂದು ಓಲೆ ಬರೆಯಬೇಕು, ಅದೂ ಉತ್ತರ ಬರಲು ಸಾಧ್ಯವೇ ಇಲ್ಲದವರಿಗೆ. ಉತ್ತರ ಕೊಡಬಲ್ಲವರಿಗೆ ಬರೆದರೆ ಅವರು ‘ಹೋಗಲಿ ಬಿಡ್ರಿ, ಯಾರ್ ಮಾಡಿಲ್ಲ’ ಎಂದು ಸಮಾಧಾನ ಹೇಳಿಬಿಡುತ್ತಾರೆ, ನಾಚಿಕೆ ಅಲ್ಲಿಗೇ ಮುಗಿದುಹೋಗುತ್ತದೆ. ಕೆಲವರು ತೀರಿಹೋದ ಅಜ್ಜಿಗೆ ಬರೆಯುತ್ತಾರೆ, ಕೆಲವರು ಹುಟ್ಟಲಿರುವ ಮೊಮ್ಮಗಳಿಗೆ. ನಾನು ನಿಮಗೆ ಬರೆಯುತ್ತಿದ್ದೇನೆ, ಏಕೆಂದರೆ ನಾನು ಮಾಡಿದ ಕೆಲಸ ನಿಮ್ಮ ಮನೆಗಳಲ್ಲಿ ದಿನಬೆಳಗಾದರೆ ನಡೆಯುತ್ತಿತ್ತೆಂದು ಓದಿದ್ದೇನೆ. ನೀವು ಅದನ್ನು ತಪ್ಪೆಂದು ತಿಳಿದಿರಲಿಲ್ಲ, ಫೀಸು ಕಟ್ಟಿ ಮಾಡಿಸುತ್ತಿದ್ದಿರಿ.

ನಿಮ್ಮ ಅಂಗೈಯಲ್ಲಿದ್ದ ಪರದೆ ನಮ್ಮ ಕಾಲಕ್ಕೆ ಮನೆಯ ಗೋಡೆಯಲ್ಲಿ, ಊಟದ ತಾಟಿನ ಅಂಚಿನಲ್ಲಿ, ಕನ್ನಡಕದ ಗಾಜಿನಲ್ಲಿ ಸೇರಿಕೊಂಡಿದೆ. ಎಲ್ಲವನ್ನೂ ಕೂಡಿಸಿ ನಾವು ಮಿಣುಕು ಎನ್ನುತ್ತೇವೆ. ಮಿಣುಕು ಕೆಟ್ಟದ್ದೆಂದು ನಾನು ಹೇಳಲಾರೆ. ನೀರಿನ ಸರದಿ ತಿಳಿಯಲು, ಬೆಳಗಾವಿಯಲ್ಲಿರುವ ತಂಗಿಯ ಮುಖ ನೋಡಲು ನನಗೂ ಅದೇ ಬೇಕು. ಆದರೆ ಅದರ ಸ್ವಭಾವ ನಿಮಗೂ ಗೊತ್ತಿರುತ್ತದೆ. ನಮಗೇನು ಬೇಕೆಂದು ನಾವು ಯೋಚಿಸುವ ಮೊದಲೇ ಅದು ತಂದು ಮುಂದಿಡುತ್ತದೆ. ಹಸಿವಾಗುವ ಮೊದಲೇ ಬಡಿಸುತ್ತಿರುವ ಅತ್ತೆಯ ಮನೆಯಲ್ಲಿ ಅಳಿಯನಿಗೆ ತನಗೆ ಯಾವ ಪಲ್ಯ ಇಷ್ಟವೆಂಬುದೇ ಮರೆತುಹೋಗುವ ಹಾಗೆ, ನೂರು ವರ್ಷಕ್ಕೂ ಹಿಂದಿನ ಎರಡು ಮೂರು ತಲೆಮಾರಿನವರಿಗೆ ತಮಗೆ ಏನು ಇಷ್ಟವೆಂಬುದೇ ಮರೆತುಹೋಗಿತ್ತಂತೆ.

ಅದು ಬದಲಾದದ್ದರಲ್ಲಿ ಯಾರ ಜಾಣತನವೂ ಇಲ್ಲ. ಗುಡ್ಡದ ಮೇಲಿನ ಗಾಳಿಗಿರಣಿಗಳಿಂದ ನಮಗೆ ವಿದ್ಯುತ್ತು ಬರುತ್ತದೆ. ಹೊತ್ತು ಮುಳುಗುವಾಗ ಗಾಳಿ ಒಮ್ಮೆ ನಿಂತುಬಿಡುತ್ತದೆ. ಮತ್ತೆ ಬೀಸುವವರೆಗೆ ಉಳಿದಿರುವ ವಿದ್ಯುತ್ತೆಲ್ಲ ದವಾಖಾನೆಗೆ ಮತ್ತು ನೀರಿನ ಪಂಪಿಗೆ ಹೋಗಬೇಕಾಗಿ ಬಂತು, ಮನೆಗಳ ಮಿಣುಕು ಆರಿತು. ಮೊದಲ ಸಲ ಹಾಗಾದಾಗ ಓಣಿಯ ಜನ ಕಪ್ಪು ಗೋಡೆಯನ್ನೇ ದಿಟ್ಟಿಸುತ್ತ ಕುಳಿತಿದ್ದರಂತೆ. ಗಂಡ ಹೆಂಡಿರು ಕಾರಣವಿಲ್ಲದೆ ಜಗಳಾಡಿದರಂತೆ. ಹಿರಿಯರೊಬ್ಬರು ತಮ್ಮ ಕಣ್ಣೇ ಹೋಯಿತೆಂದು ಗೋಳಾಡಿದಾಗ ಜನ ಅವರನ್ನು ಎತ್ತಿಕೊಂಡು ದವಾಖಾನೆಗೆ ಓಡಿದ್ದರಂತೆ. ಕೆಲವು ವಾರ ಹೀಗೆ ಕಳೆದ ಮೇಲೆ ಜನ ಹೊರಗೆ ಬಂದು ತಮ್ಮ ತಮ್ಮ ಮನೆಯ ಕಟ್ಟೆಯ ಮೇಲೆ ಕುಳಿತರು. ಕುಳಿತು ಬೇಸರಪಟ್ಟರು. ಬೇಸರ ತಡೆಯಲಾರದಷ್ಟಾದಾಗ ಒಬ್ಬ ಗೋಡೆಯ ಮೇಲಿನ ಹಲ್ಲಿ ನೋಡತೊಡಗಿದ, ಒಬ್ಬಾಕೆ ಹರಿದ ಸೀರೆಯ ತುಂಡುಗಳನ್ನು ತೊಡೆಯ ಮೇಲೆ ಜೋಡಿಸತೊಡಗಿದಳು. ಗಾಳಿ ಬೀಸಿ ಮಿಣುಕು ಮತ್ತೆ ಹೊತ್ತಿಕೊಂಡಾಗ ಕೆಲವರು ಒಳಗೆ ಹೋಗಲಿಲ್ಲ. ಆ ಹೊತ್ತಿಗೆ ಬರಿಗಳಿಗೆ ಎಂದು ಹೆಸರಿಟ್ಟದ್ದು ಆಮೇಲೆ. ಈಗ ಬ್ಯಾಟರಿಗಳು ಎಷ್ಟೋ ಸುಧಾರಿಸಿವೆ, ಗಾಳಿ ನಿಂತರೂ ಮಿಣುಕು ಆರಬೇಕಿಲ್ಲ. ನಾವೇ ಆರಿಸಿ ಹೊರಗೆ ಬರುತ್ತೇವೆ.

ಬರಿಗಳಿಗೆಯಲ್ಲಿ ಕೂತು ಕೂತು ಒಬ್ಬೊಬ್ಬರಿಗೂ ಒಂದೊಂದರ ಹುಚ್ಚು ಹತ್ತುತ್ತದೆ. ಅದನ್ನು ತನ್ನದು ಎಂದು ಕರೆಯುತ್ತೇವೆ. ನಮ್ಮ ಮನೆಯವರು, ಅಂದಾನಪ್ಪ, ಹಗಲೆಲ್ಲ ಗಾಳಿಗಿರಣಿಯ ರೆಕ್ಕೆ ತೊಳೆಯುತ್ತಾರೆ, ಅವರ ತನ್ನದು ಕೌದಿ ಹೊಲಿಯುವುದು. ಪಕ್ಕದ ಮನೆಯ ಬೀಬಿಜಾನ್‌ಳ ಹಿರಿಯ ಮಗಳದು ಉಳ್ಳಾಗಡ್ಡಿ ಸಿಪ್ಪೆಯಿಂದ, ದಾಳಿಂಬೆ ಸಿಪ್ಪೆಯಿಂದ ಬಣ್ಣ ತೆಗೆಯುವುದು. ಓಣಿಗೆ ಹಿರಿಯರಾದ ಫಕೀರಜ್ಜನದು ಬಾಗಿಲುಗಳ ಸದ್ದು. ಯಾರ ಮನೆಯ ಕದ ಯಾವ ದನಿಯಲ್ಲಿ ಕಿರುಗುಟ್ಟುತ್ತದೆಂದು ಕೂತಲ್ಲಿಂದಲೇ ಹೇಳುತ್ತಾರೆ. ಯಾರಾದರೂ ತಿರುಗಣಿಗೆ ಎಣ್ಣೆ ಬಿಟ್ಟರೆ ವಾರಗಟ್ಟಲೆ ಅವರ ಮೇಲೆ ಮುನಿಸು. ಇದರಿಂದ ಹೊಟ್ಟೆ ತುಂಬಬೇಕೆಂದಾಗಲಿ ಹೆಸರು ಬರಬೇಕೆಂದಾಗಲಿ ಯಾರೂ ಬಯಸುವುದಿಲ್ಲ. ಮಕ್ಕಳಿಗೆ ಹದಿನಾರು ತುಂಬಿದ ವರ್ಷ, ಆಷಾಢದ ಹುಣ್ಣಿಮೆಯ ಸಂಜೆ, ಅವರು ಬೇವಿನ ಮರದ ಕಟ್ಟೆ ಏರಿ ತಮ್ಮ ತನ್ನದು ಯಾವುದೆಂದು ಓಣಿಗೆ ಹೇಳುತ್ತಾರೆ. ಓಣಿ ಅದಕ್ಕೆ ಬೇಕಾದ್ದನ್ನು ಕೂಡಿಸಿ ಕೊಡುತ್ತದೆ, ಅದು ಜೀವಮಾನಕ್ಕೆ ಒಂದೇ ಸಲ ಸಿಗುವ ಕೊಡುಗೆ. ಏನೂ ದಕ್ಕಿರದಿದ್ದರೆ ‘ಇನ್ನೂ ಬಂದಿಲ್ಲ’ ಎಂದು ಹೇಳಿ ಇಳಿದು, ಮುಂದಿನ ವರ್ಷ ಮತ್ತೆ ಏರಬಹುದು. ಅದಕ್ಕೂ ಚಪ್ಪಾಳೆ ಹೊಡೆಯುತ್ತಾರೆ. ಆ ಚಪ್ಪಾಳೆ ಎಂಥದೆಂದು ನನಗೆ ಗೊತ್ತು, ಮೂರು ವರ್ಷ ಕೇಳಿದ್ದೇನೆ.

ಹೌದು, ನನಗೆ ತನ್ನದು ಬರಲೇ ಇಲ್ಲ. ಇಂಥವರಲ್ಲಿ ಒಬ್ಬರನ್ನು ಆರಿಸಿ ಗಳಿಗೆವ್ವ ಅಥವಾ ಗಳಿಗೆಪ್ಪ ಮಾಡುವುದು ರೂಢಿ. ಯಾವ ಗೀಳೂ ಇಲ್ಲದವರು ಬೇರೆಯವರ ಬರಿಗಳಿಗೆಯನ್ನು ಚೆನ್ನಾಗಿ ಕಾಯುತ್ತಾರೆಂಬ ನಂಬಿಕೆ. ಗೆಜ್ಜೆ ಕಟ್ಟಿದ ಕೋಲು ಹಿಡಿದು ಓಣಿಯ ಈ ತುದಿಯಿಂದ ಆ ತುದಿಗೆ ತಿರುಗಬೇಕು. ಯಾರ ಮನೆಯಲ್ಲಾದರೂ ಮಿಣುಕು ಹೊಳೆದರೆ ಬಾಗಿಲ ಮುಂದೆ ನಿಂತು ಕೋಲು ಕುಟ್ಟಬೇಕು. ಅದಕ್ಕಿಂತ ದೊಡ್ಡ ಕಟ್ಟಳೆ ಇನ್ನೊಂದಿದೆ: ಆ ಹೊತ್ತಿನಲ್ಲಿ ಯಾರೂ ಇನ್ನೊಬ್ಬರಿಗೆ ಏನನ್ನೂ ಕೊಡಬಾರದು, ಏನು ಮಾಡುತ್ತೀ ಎಂದು ಕೇಳಬಾರದು, ಇದನ್ನು ಮಾಡಿ ನೋಡು ಎನ್ನಬಾರದು. ಮಕ್ಕಳ ಖಾಲಿ ಹೊತ್ತಿಗೆ ಮಿಣುಕು ನುಗ್ಗುವ ಹಾಗೆಯೇ ಹಿರಿಯರ ಆಸೆಯೂ ನುಗ್ಗುತ್ತದೆಂದು ಹಿಂದಿನವರು ಅನುಭವದಿಂದ ತಿಳಿದಿದ್ದರು. ಈ ಕಟ್ಟಳೆ ಕಾಯುವವಳು ನಾನು. ಕಂಡವರೆಲ್ಲ ‘ಬರ್ರಿ ಗಳಿಗೆವ್ವಾ’ ಎಂದು ಎದ್ದು ನಿಲ್ಲುತ್ತಿದ್ದರು. ನನಗೆ ಮಾತ್ರ, ಪಂಗ್ತಿಯಲ್ಲಿ ಕೊನೆಯವರೆಗೂ ನೀರು ಬಡಿಸುತ್ತ ತಾನು ಊಟಕ್ಕೆ ಕೂರದವಳ ಸ್ಥಿತಿ ನನ್ನದು ಎನಿಸುತ್ತಿತ್ತು.

ನನಗೆ ಒಬ್ಬಳೇ ಮಗಳು, ಕಸ್ತೂರಿ. ಈ ವರ್ಷ ಅವಳಿಗೆ ಹದಿನಾರು. ಬರಿಗಳಿಗೆಯಲ್ಲಿ ಅವಳು ನಮ್ಮ ಮನೆಯ ಕಟ್ಟೆಯ ಮೇಲೆ ಮೊಣಕಾಲಿಗೆ ಗದ್ದ ಊರಿ ಕೂರುತ್ತಿದ್ದಳು. ಕೂತಳೆಂದರೆ ಕೂತಳು, ಕೈಯಲ್ಲಿ ಒಂದು ಕಡ್ಡಿಯೂ ಇಲ್ಲ. ಕಣ್ಣು ಓಣಿಯಲ್ಲಿ ಹೋಗಿ ಬರುವವರ ಕಡೆ, ಅದೂ ಎಲ್ಲೋ ನೆಲದ ಮೇಲೆ. ನಾನು ಕೋಲು ಹಿಡಿದು ಅವಳ ಮುಂದೆ ದಾಟುವಾಗಲೆಲ್ಲ ಹೆಜ್ಜೆ ಚುರುಕು ಮಾಡುತ್ತಿದ್ದೆ. ಇವಳೂ ನನ್ನ ಹಾಗೆಯೇ ಆಗಿಬಿಟ್ಟಳಲ್ಲ ಎಂದುಕೊಳ್ಳುತ್ತಿದ್ದೆ. ನೀರಿನ ಸರದಿಯಲ್ಲಿ ಬೀಬಿಜಾನ್ ಒಮ್ಮೆ ಕೇಳಿದಳು, ‘ರುದ್ರಕ್ಕಾ, ನಿಮ್ಮ ಹುಡುಗಿದು ಏನಂತ ಗೊತ್ತಾತೇನ್ರಿ?’ ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ‘ಬರತೈತಿ ತಗೋ, ಅವಸರ ಏನೈತಿ’ ಎಂದು ನಕ್ಕುಬಿಟ್ಟೆ. ಅವತ್ತು ಹೊತ್ತು ತಂದ ನೀರನ್ನು ಯಾವ ಹಂಡೆಗೆ ಸುರಿದೆನೆಂದು ನನಗೆ ನೆನಪಿಲ್ಲ. ಎಲ್ಲರ ಮುಂದೆ ‘ಇನ್ನೂ ಬಂದಿಲ್ಲ’ ಎಂದು ಹೇಳಿ, ಆ ಮರುಕದ ಚಪ್ಪಾಳೆ ಹೊಡೆಸಿಕೊಂಡು ಕಟ್ಟೆ ಇಳಿಯುವ ಮಗಳೇ ಕಣ್ಣಮುಂದೆ ಬರುತ್ತಿದ್ದಳು.

ಸಂಕ್ರಾಂತಿ ಕಳೆದ ಮೇಲೆ ನಾನು ಕಟ್ಟಳೆ ಮುರಿದೆ. ಹಳೆಯ ಕನ್ನಡಕದ ದಪ್ಪ ಗಾಜೊಂದನ್ನು ಅವಳ ಬೆನ್ನ ಹಿಂದೆ, ಯಾರೋ ಬೀಳಿಸಿಕೊಂಡು ಹೋದ ಹಾಗೆ ಇಟ್ಟೆ. ಅದರಲ್ಲಿ ಇರುವೆಯನ್ನೋ ಎಲೆಯನ್ನೋ ನೋಡಿಯಾಳು ಎಂಬ ಆಸೆ. ಅವಳು ಅದನ್ನೆತ್ತಿ ಒಳಗೆ ತಂದು ‘ಯಾರದೋ ಬಿದ್ದೈತಿ ಬೇ’ ಎಂದು ನನ್ನ ಕೈಗೇ ಕೊಟ್ಟಳು. ಆಮೇಲೆ ತೂತು ಕೊರೆದ ಬಿದಿರಿನ ಕೊಳವೆ ಇಟ್ಟೆ, ಅದು ಅವರಪ್ಪನ ಕೌದಿಯ ದಾರ ಸುತ್ತಿಡುವುದಕ್ಕಾಯಿತು. ಗುಬ್ಬಿಗಳು ಬರಲೆಂದು ಸಜ್ಜೆ ಚೆಲ್ಲಿದೆ. ಗುಬ್ಬಿಗಳೇನೋ ಬಂದವು, ಅವಳು ಅವುಗಳ ಕಡೆ ನೋಡದೆ ಅವನ್ನು ಓಡಿಸಲು ಕುಂಟುತ್ತ ಬಂದ ಎದುರು ಮನೆಯ ಮುದುಕಿಯನ್ನೇ ನೋಡುತ್ತ ಕುಳಿತಳು. ಗಳಿಗೆವ್ವ ಯಾರನ್ನೂ ಕದ್ದು ನೋಡಬಾರದೆಂದೇ ಅವಳ ಕೋಲಿಗೆ ಗೆಜ್ಜೆ ಕಟ್ಟಿರುವುದು. ನಾನು ಆ ಗೆಜ್ಜೆಗಳನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತುದಿಗಾಲಲ್ಲಿ ಬಂದು ಇಟ್ಟು ಹೋಗುತ್ತಿದ್ದೆ. ಅವಳು ತಿರುಗಿದರೆ ಮುಗಿಲಿನ ಕಡೆ ಮುಖ ಮಾಡಿ ‘ಇವತ್ತ ಮೋಡ ಚಲೋ ಕಟ್ಯಾವ’ ಎನ್ನುತ್ತಿದ್ದೆ. ಬಿರುಬೇಸಿಗೆಯಲ್ಲಿ, ಒಂದು ಚೂರು ಮೋಡವಿಲ್ಲದ ದಿನಗಳಲ್ಲೂ ಹೀಗೆಯೇ ಅಂದಿದ್ದೇನೆ. ಇದನ್ನು ಬರೆಯುವಾಗ ನನ್ನ ಕಿವಿ ಬಿಸಿಯಾಗುತ್ತಿದೆ.

ಕಡೆಗೆ ಮಣ್ಣು ಇಟ್ಟೆ, ಕೆರೆಯಿಂದ ತಂದ ಜಿಗುಟು ಮಣ್ಣಿನ ಒಂದು ಮುದ್ದೆ. ಅವಳು ಅದನ್ನು ಕೈಗೆತ್ತಿಕೊಂಡಳು, ಹಿಚುಕಿದಳು, ತಿರುಗಿಸಿ ನೋಡಿದಳು. ಓಣಿಯ ಆ ತುದಿಯಲ್ಲಿ ನಿಂತಿದ್ದ ನನಗೆ ಕಣ್ಣೀರು ಬಂತು. ಮರುದಿನ ಇನ್ನಷ್ಟು ಇಟ್ಟೆ, ಆಮೇಲೆ ಸೋಸಿ ನಾದಿದ್ದನ್ನೇ ಇಡತೊಡಗಿದೆ. ಅವಳು ಗೊಂಬೆ ಮಾಡತೊಡಗಿದಳು. ಪೂರ್ತಿ ಗೊಂಬೆಗಳಲ್ಲ, ಸೊಂಟದಿಂದ ಕೆಳಗಿನ ಕಾಲುಗಳು ಮಾತ್ರ. ಒಂದು ಜೊತೆ ಎಳೆದುಕೊಂಡು ನಡೆಯುವ ಕಾಲು, ಒಂದು ಜೊತೆ ಅಗಲವಾಗಿ ಊರಿದ ಕಾಲು, ಇನ್ನೊಂದು ಹಿಮ್ಮಡಿ ಎತ್ತಿದ ಕಾಲು. ಉಳಿದದ್ದು ಯಾವಾಗ ಮಾಡುತ್ತೀ ಎಂಬ ಮಾತು ನಾಲಿಗೆಯ ತುದಿಗೆ ಬಂದರೂ ತಡೆದುಕೊಂಡೆ. ಕಾಲಿನಿಂದ ಶುರುಮಾಡಿದ್ದಾಳೆ, ತಲೆಗೆ ಬಂದೇ ಬರುತ್ತಾಳೆ ಎಂದುಕೊಂಡೆ. ನಮ್ಮ ಮನೆಯವರು ಒಂದು ದಿನ ಸೂಜಿಗೆ ದಾರ ಪೋಣಿಸುತ್ತ, ತಲೆಯೆತ್ತದೆ, ‘ಮಣ್ಣು ತಾನ ನಡಕೊಂಡು ಕಟ್ಟಿ ಮ್ಯಾಲೆ ಬರತೈತೇನು?’ ಎಂದರು. ನನಗೆ ಕೇಳಿಸಲೇ ಇಲ್ಲವೆಂಬಂತೆ ರೊಟ್ಟಿ ಬಡಿಯತೊಡಗಿದೆ.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ನೀರಿನ ಸರದಿಯಲ್ಲಿ ನಾನೇ ಬಾಯಿಬಿಟ್ಟು ‘ನಮ್ಮ ಕಸ್ತೂರಿ ಕೈಗೆ ಮಣ್ಣು ಹತ್ತೇತಿ’ ಎಂದು ಸುಮ್ಮನೆ ಮಾತಿಗೆ ಅಂದ ಹಾಗೆ ಅಂದೆ. ಓಣಿಗೆ ಅಷ್ಟು ಸಾಕಾಯಿತು. ಹುಡುಗಿಗೆ ಗೊಂಬೆ ಸುಡಲು ಒಂದು ಆವಿಗೆ ಕಟ್ಟಿಕೊಡೋಣ ಎಂದು ಜನ ಇಟ್ಟಿಗೆ ಕೂಡಿಸತೊಡಗಿದರು. ಫಕೀರಜ್ಜ ತಮ್ಮ ಹಿತ್ತಲ ಗೋಡೆಯನ್ನೇ ಕೆಡವಿಸಿ ಇಟ್ಟಿಗೆ ಕೊಟ್ಟರು. ಆ ಗೋಡೆಗೆ ಒಂದು ಹಳೆಯ ಬಾಗಿಲಿತ್ತು, ಓಣಿಯ ಎಲ್ಲ ಬಾಗಿಲುಗಳಿಗಿಂತ ಅವರಿಗೆ ಪ್ರಿಯವಾದದ್ದು. ಅದನ್ನು ಬಿಚ್ಚಿ ನೆಲಕ್ಕೆ ಒರಗಿಸಿದ ದಿನ ಅವರು ಒಂದು ಹೊತ್ತು ಉಂಡಿರಲಿಲ್ಲವೆಂದು ಆಮೇಲೆ ತಿಳಿಯಿತು. ನಾನು ಆ ಇಟ್ಟಿಗೆಗಳನ್ನು ನೋಡಿ ಹಿಗ್ಗಿದೆ. ಮಗಳು ಇಷ್ಟವಿಲ್ಲದ ಕೆಲಸಕ್ಕೆ ಬದುಕಿಡೀ ಕಟ್ಟುಬೀಳಬಹುದೆಂಬ ಯೋಚನೆ ಸುಳಿಯಿತೇ ಎಂದು ನೀವು ಕೇಳಬಹುದು. ಸುಳಿಯಿತು, ಅದನ್ನು ಅಲ್ಲಿಯೇ ಅದುಮಿದೆ.

ಹುಣ್ಣಿಮೆಯ ಸಂಜೆ ಬಂತು. ಗಾಳಿ ನಿಂತಿತು, ನಾನೇ ಕೋಲು ಕುಟ್ಟಿದೆ, ಓಣಿಯ ಮಿಣುಕೆಲ್ಲ ಆರಿತು. ಚಾಪೆ ಹಾಸಿ, ಚುರುಮರಿ ಮಿರ್ಚಿ ಹಂಚಿ, ಎಲ್ಲರೂ ಬೇವಿನ ಮರದ ಸುತ್ತ ಕುಳಿತರು. ಕಟ್ಟೆಯ ಮೇಲಿನ ಹಲಗೆಯಲ್ಲಿ ಕಸ್ತೂರಿ ಮಾಡಿದ ಕಾಲುಗಳನ್ನು ನಾನೇ ಸಾಲಾಗಿ ಜೋಡಿಸಿದ್ದೆ. ಆಚೆ ಇಟ್ಟಿಗೆಯ ರಾಶಿ. ‘ಹೇಳು ಯವ್ವಾ, ನಿಂದು ಏನೈತಿ?’ ಎಂದು ಫಕೀರಜ್ಜ ಕೇಳಿದರು. ಅವಳು ಇಟ್ಟಿಗೆಯ ಕಡೆ ಒಮ್ಮೆ ನೋಡಿ, ಹಲಗೆಯನ್ನು ಬದಿಗೆ ಸರಿಸಿ, ‘ಮಣ್ಣಲ್ಲಜ್ಜಾ’ ಎಂದಳು. ‘ಮಣ್ಣು ಬರೇ ನೆನಪಿಟ್ಕೊಳ್ಳಾಕ. ನನಗ ಮಂದಿ ನಡಿಗಿ ಸೇರತೈತಿ’ ಎಂದಳು.

ಹಾಗೆಂದು ಅವಳು ನಡೆಯತೊಡಗಿದಳು. ನಾಲ್ಕು ಹೆಜ್ಜೆ ಇಡುವುದರೊಳಗೆ ಕಟ್ಟೆಯ ಮೇಲೆ ಕಸ್ತೂರಿ ಇರಲಿಲ್ಲ, ಬಾಗಿಲ ಸದ್ದಿಗೆ ಕಿವಿಕೊಟ್ಟು ಅರ್ಧ ಹೆಜ್ಜೆಗೆ ನಿಂತುಬಿಡುವ ಫಕೀರಜ್ಜ ಇದ್ದರು. ಆಮೇಲೆ ತುಂಬಿದ ಕೊಡಕ್ಕಿಂತ ಬಾಯಿಯ ಕಡೆಗೇ ಹೆಚ್ಚು ಗಮನವಿರುವ ಬೀಬಿಜಾನ್. ಆಮೇಲೆ ಗಿರಣಿಯ ಎತ್ತರದಿಂದ ಇಳಿದು ಬಂದು ನೆಲ ಇನ್ನೂ ಅಲ್ಲಾಡುತ್ತಿದೆಯೆಂಬಂತೆ ಕಾಲೂರುವ ಅವರಪ್ಪ. ಜನ ಬಿದ್ದು ಬಿದ್ದು ನಕ್ಕರು. ನಾನು ಅಳುತ್ತಿದ್ದೆ, ಸಂತೋಷಕ್ಕೆ. ನನ್ನ ಮಗಳಿಗೆ ತನ್ನದು ಇತ್ತು! ಅವಳು ನನ್ನ ಕಡೆ ತಿರುಗಿ ‘ಅವ್ವಾ, ಕೋಲು ಕೊಡ’ ಎಂದಾಗ ಹೆಮ್ಮೆಯಿಂದಲೇ ಕೊಟ್ಟೆ.

ಮೊದಲು ಗಳಿಗೆವ್ವನ ಗತ್ತಿನ ನಡಿಗೆ. ಅದಕ್ಕೂ ನಕ್ಕರು, ನಾನೂ ನಕ್ಕೆ. ಆಮೇಲೆ ಅವಳು ನಿಂತು, ಅತ್ತಿತ್ತ ನೋಡಿ, ಗೆಜ್ಜೆಗಳನ್ನು ಮುಷ್ಟಿಯಲ್ಲಿ ಹಿಡಿದಳು. ಓಢಣಿಯ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿದಳು. ತುದಿಗಾಲಲ್ಲಿ ಬಂದು, ಕಾಣದ ಮುದ್ದೆಯೊಂದನ್ನು ಕಟ್ಟೆಯ ಮೇಲಿಟ್ಟು, ತಾನಾಗಿಯೇ ಬಿದ್ದಂತೆ ಕಾಣಲೆಂದು ಎರಡು ಸಲ ತಿರುಗಿಸಿದಳು. ಹಿಂದೆ ಸರಿದು, ಮತ್ತೆ ಬಂದು, ಬೆರಳಿನ ಗುರುತನ್ನು ಓಢಣಿಯಿಂದ ಒರೆಸಿದಳು. ಆಮೇಲೆ ಕತ್ತೆತ್ತಿ ಮುಗಿಲು ನೋಡುತ್ತ, ನನ್ನದೇ ದನಿಯಲ್ಲಿ, ‘ಇವತ್ತ ಮೋಡ ಚಲೋ ಕಟ್ಯಾವ’ ಎಂದಳು. ನಗು ಅಲೆಯಲೆಯಾಗಿ ಎದ್ದಿತು. ಎಲ್ಲಕ್ಕಿಂತ ಮುಂಚೆ ನಿಂತದ್ದು ನಮ್ಮ ಮನೆಯವರ ನಗು. ಆಮೇಲೆ ಬೀಬಿಜಾನ್ ಬಾಯಿಗೆ ಕೈ ಅಡ್ಡ ಹಿಡಿದಳು. ಒಬ್ಬೊಬ್ಬರಿಗೂ ತಾವು ನೋಡಿದ್ದು ಏನೆಂದು ಹೊಳೆಯುತ್ತ ಹೋಯಿತು. ಫಕೀರಜ್ಜ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು, ‘ಖರೇನ ರುದ್ರವ್ವಾ?’ ನಾನು ತಲೆಯಾಡಿಸಿದೆ.

ಕಸ್ತೂರಿಗೆ ಗಾಬರಿಯಾಯಿತು. ನನ್ನನ್ನು ಬಯಲಿಗೆಳೆಯಬೇಕೆಂದು ಅವಳು ಮಾಡಿದ್ದಲ್ಲ. ತಾಯಿ ಮಗಳ ನಡುವಿನ ಈ ಕಳ್ಳಾಟ ಓಣಿಗೆಲ್ಲ ಗೊತ್ತಿದೆ, ಎಲ್ಲರೂ ಸುಮ್ಮನಿದ್ದಾರೆ ಎಂದು ತಿಳಿದಿದ್ದಳು. ಮಣ್ಣನ್ನು ಬೇಡವೆಂದರೆ ನನಗೆ ನೋವಾದೀತೆಂದು ಕೈಗೆತ್ತಿಕೊಂಡಿದ್ದಳು, ಇಟ್ಟಿಗೆ ಕಂಡ ಮೇಲೆ ಮಾತ್ರ ಸುಮ್ಮನಿರುವುದು ಸರಿಯಲ್ಲ ಎನಿಸಿತಂತೆ. ‘ಬೈಬ್ಯಾಡ್ರಿ ಅಕಿಗೆ’ ಎಂದಳು, ಕೋಲನ್ನು ಎದೆಗೆ ಅವಚಿಕೊಂಡು. ‘ಅವ್ವನ ನಡಿಗಿನ ಎಲ್ಲಾರಕಿಂತ ಚಲೋ ಐತಿ. ಅಕಿ ಬರುವಾಗ ಮೊದಲ ಹೆದರಿಕಿ ಬರತೈತಿ, ಆಮ್ಯಾಲೆ ಕಾಲು ಬರ್ತಾವ.’ ಆ ಮಾತಿಗೆ ಯಾರೂ ನಗಲಿಲ್ಲ. ಭೂಮಿ ಬಾಯಿಬಿಡಬಾರದೇ ಎನಿಸುವುದು ಹೇಗಿರುತ್ತದೆಂದು ಅಂದು ತಿಳಿಯಿತು.

ಯಾರೂ ನನ್ನನ್ನು ಬೈಯಲಿಲ್ಲ. ಕೋಲು, ನನ್ನ ಹಾಗೆಯೇ ತನ್ನದು ಬಾರದ ಬೀಬಿಜಾನ್‌ಳ ಕೈಗೆ ಹೋಯಿತು. ಅದನ್ನು ತಗೊಳ್ಳುವಾಗ ಅವಳೇ ಅತ್ತಳು. ಕಸ್ತೂರಿಗೆ ಓಣಿಯ ಕೊಡುಗೆಯಾಗಿ ನೀರಿನ ನಲ್ಲಿಯ ಎದುರಿಗಿರುವ ಕಟ್ಟೆ ಸಿಕ್ಕಿತು, ಊರೆಲ್ಲ ನಡೆದು ಬರುವ ಜಾಗ ಅದು. ಇಟ್ಟಿಗೆಗಳನ್ನು ಹಿಂದಕ್ಕೆ ಹೊತ್ತುಹಾಕಿ ಫಕೀರಜ್ಜನ ಗೋಡೆ ಕಟ್ಟಿಕೊಟ್ಟೆವು. ಬಾಗಿಲನ್ನು ಅದೇ ತಿರುಗಣಿಗೆ ಕೂರಿಸಿದೆವು. ಅಜ್ಜ ಅದನ್ನು ಒಂದು ಸಲ ತೆರೆದು ಮುಚ್ಚಿದರು. ಮೊದಲಿನ ಸದ್ದು ಬರಲಿಲ್ಲ. ಆಮೇಲೆ ನನಗೆ ಕುಡಿಯಲು ನೀರು ತಂದುಕೊಟ್ಟರು. ಕಟ್ಟಳೆ ಮುರಿದದ್ದಕ್ಕೆ ನಾಚಿಕೆಯಿದೆ, ಆ ಬಾಗಿಲಿಗಾಗಿ ಇನ್ನೂ ಹೆಚ್ಚು ಇದೆ. ಎಲ್ಲಕ್ಕಿಂತ ಹೆಚ್ಚು ನಾಚಿಕೆ ಯಾವುದಕ್ಕೆ ಎಂದರೆ, ಇಷ್ಟು ವರ್ಷ ದಿನಾ ಸಂಜೆ ಅವಳ ಮುಂದೆ ಹಾದುಹೋದವಳು ನಾನು, ಅವಳ ಖಾಲಿ ಕೈಯನ್ನೇ ನೋಡಿದೆ. ಅವಳು ಏನು ನೋಡುತ್ತಿದ್ದಾಳೆಂದು ಒಮ್ಮೆ ಆ ಕಡೆ ತಿರುಗಿ ನೋಡಲಿಲ್ಲ. ನೋಡಿದ್ದರೆ ನನ್ನ ಕಾಲೇ ಕಾಣುತ್ತಿತ್ತು.

ಈಗ ನಾನೂ ಎಲ್ಲರ ಹಾಗೆ ಬರಿಗಳಿಗೆಯಲ್ಲಿ ಕೂರಬೇಕು. ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಕಾಯುವ ನೆಪದಲ್ಲಿ ಇಷ್ಟು ವರ್ಷ ತಪ್ಪಿಸಿಕೊಂಡಿದ್ದೆ ಎಂದು ಈಗ ಅರ್ಥವಾಗುತ್ತಿದೆ. ಮೊದಲು ಕೈ ಏನನ್ನಾದರೂ ಹಿಡಿಯಲು ಹುಡುಕುತ್ತದೆ. ಆಮೇಲೆ ಮಾಡದೆ ಬಿಟ್ಟ ಕೆಲಸಗಳೆಲ್ಲ ಒಂದೊಂದಾಗಿ ನೆನಪಾಗುತ್ತವೆ, ಬೇಳೆ ನೆನೆಹಾಕಿದ್ದೇನೋ ಇಲ್ಲವೋ ಎಂದು ಏಳಬೇಕೆನಿಸುತ್ತದೆ. ಅದೂ ಕಳೆದರೆ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ತಿಳಿಯುವುದಿಲ್ಲ. ಸಿಟ್ಟಿನ ಆಚೆ ಒಂದು ದೊಡ್ಡ ಬೇಸರವಿದೆ. ನೀವು ನಿಮ್ಮ ಮಕ್ಕಳ ಮುಖದಲ್ಲಿ ಕಂಡ ಕೂಡಲೇ ಹೆದರಿ ಏನಾದರೂ ತಂದು ಮುಚ್ಚಿಬಿಡುತ್ತೀರಲ್ಲ, ಅದೇ ಬೇಸರ. ದಯವಿಟ್ಟು ಮುಚ್ಚಬೇಡಿ. ಪರದೆಯನ್ನು ಕಸಿದುಕೊಂಡ ಕೈಯಿಂದಲೇ ಬಣ್ಣದ ಪೆಟ್ಟಿಗೆ, ಬೇಸಿಗೆ ಶಿಬಿರ, ಕೀಬೋರ್ಡು ಕ್ಲಾಸು ತಂದಿಟ್ಟು, ನಿನಗೆ ಯಾವುದು ಇಷ್ಟ ಎಂದು ಕೇಳಬೇಡಿ. ಸ್ವಲ್ಪ ದಿನ ಅವರು ಗೋಡೆ ನೋಡಲಿ, ಗೊಣಗಲಿ, ನಿಮ್ಮನ್ನೇ ನೋಡುತ್ತ ಕೂರಲಿ. ನೀವೂ ಪಕ್ಕದಲ್ಲಿ ಬರಿಗೈಯಲ್ಲಿ ಕುಳಿತುಕೊಳ್ಳಿ. ಬೇಕಾದ್ದು ಅವರಿಗೆ ಅಲ್ಲಿಂದಲೇ ಸಿಗುತ್ತದೆ. ಸಿಗದಿದ್ದರೂ ಅದು ಅವರ ಹೊತ್ತು.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ನಿನ್ನೆ ಸಂಜೆ ಕಟ್ಟೆಯ ಮೇಲೆ ಕುಳಿತಿದ್ದಾಗ ನನ್ನ ಪಕ್ಕದಲ್ಲಿ ಒಂದು ಮಣ್ಣಿನ ಮುದ್ದೆ ಕಾಣಿಸಿತು. ಬೆರಳಿನ ಗುರುತು ಒರೆಸಿದ್ದು. ತಿರುಗಿ ನೋಡಿದರೆ ಕಸ್ತೂರಿ ಕಂಬಕ್ಕೊರಗಿ, ಕತ್ತೆತ್ತಿ ನಿಂತಿದ್ದಳು. ‘ಇವತ್ತ ಮೋಡ ಚಲೋ ಕಟ್ಯಾವ ಬೇ’ ಎಂದಳು. ಅಷ್ಟರಲ್ಲಿ ಬೀಬಿಜಾನ್‌ಳ ಗೆಜ್ಜೆ ತಿರುವಿನಲ್ಲಿ ಕೇಳಿಸಿತು. ಮಗಳು ಸಿಕ್ಕಿಬೀಳಬಾರದೆಂದು ನಾನು ಸರಿದು ಆ ಮುದ್ದೆಯ ಮೇಲೆಯೇ ಕುಳಿತುಬಿಟ್ಟೆ, ಕುಳಿತು ಮುಗಿಲು ನೋಡತೊಡಗಿದೆ. ಬೀಬಿಜಾನ್ ದಾಟಿ ಹೋದಳು, ಕಸ್ತೂರಿ ನಗುತ್ತ ಒಳಗೆ ಓಡಿದಳು, ನಾನು ಕತ್ತು ಇಳಿಸಲಿಲ್ಲ. ಮೋಡ ನಿಜವಾಗಿಯೂ ಕಟ್ಟಿತ್ತು. ಕೆಳಗಿನದು ಮೂಡಣದ ಕಡೆ ಸರಿಯುತ್ತಿತ್ತು, ಅದರ ಮೇಲಿನದು ನಿಂತಲ್ಲೇ ನಿಂತಿತ್ತು. ಎರಡು ಪದರ ಇರುತ್ತದೆಂದು ನನಗೆ ತಿಳಿದೇ ಇರಲಿಲ್ಲ. ಆ ಮಾತನ್ನು ಎಷ್ಟು ಸಲ ಆಡಿದ್ದೆ, ಮೋಡ ನೋಡಿದ್ದು ನಿನ್ನೆಯೇ ಮೊದಲು. ಗಾಳಿ ಬೀಸಿತು, ಮಿಣುಕು ಹೊತ್ತಿಕೊಂಡಿತು, ನಮ್ಮ ಮನೆಯವರು ಊಟಕ್ಕೆ ಕರೆದರು. ಬಂದೆ ಎಂದೆ, ಹೋಗಲಿಲ್ಲ.

ಇದು ಏನೆಂದು ನನಗೆ ಗೊತ್ತಿಲ್ಲ. ನಾಳೆಯೂ ನೋಡಬೇಕೆನಿಸುತ್ತದೋ ಇಲ್ಲವೋ ಅದೂ ಗೊತ್ತಿಲ್ಲ. ಮನೆಯಲ್ಲಿ ಹೇಳಿಲ್ಲ, ಹೇಳಲು ನಾಚಿಕೆ. ದಯವಿಟ್ಟು ಯಾರೂ ಏನಾಯಿತೆಂದು ಕೇಳಬೇಡಿ. ನೀವು ಕೇಳಲಾರಿರಿ, ಅದಕ್ಕೇ ನಿಮಗೆ ಮಾತ್ರ ಹೇಳಿದೆ.

ಇಂತು,
ರುದ್ರವ್ವ